ನಲವತ್ತೆರಡೋ ನಲವತ್ತನಾಲ್ಕೋ

ಜಂಬುನಾಥ ಓದುತ್ತಿದ್ದದ್ದು ಹೆಂಡತಿಯ ದನಿಯಲ್ಲಿ. ಏಳನೆಯ ತರಗತಿಯಲ್ಲಿ ಕರಿಹಲಗೆಯ ಅಕ್ಷರಗಳು ಮಸುಕಾಗತೊಡಗಿದವು. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಎರಡು ಕಣ್ಣೂ ಪೂರ್ತಿ ಹೋದವು. ಆಮೇಲೆ ಅವನು ಕಲಿತದ್ದೆಲ್ಲ ಕಿವಿಯಿಂದಲೇ. ಕಿವಿಯಿಂದಲೇ ಇತಿಹಾಸದಲ್ಲಿ ಎಂ.ಎ. ಮಾಡಿ, ಕಂಪ್ಲಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಪ್ರತಿ ವರ್ಷ ರಜೆ ಮುಗಿಯುವ ಹೊತ್ತಿಗೆ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ ಅದು. ಅದಕ್ಕೇ ಮದುವೆಯಾದಾಗಿನಿಂದ ಒಂದಾದ ಮೇಲೊಂದು ಸರ್ಕಾರಿ ಪರೀಕ್ಷೆ ಬರೆಯುತ್ತ ಬಂದಿದ್ದ.

ಮೊಬೈಲಿನಲ್ಲಿ ಓದಿ ಹೇಳುವ ತಂತ್ರಾಂಶ ಇತ್ತು ನಿಜ. ಆದರೆ ವಾಟ್ಸಾಪಿನಲ್ಲಿ ಹರಿದಾಡುವ ನೋಟ್ಸೆಲ್ಲ ಹಳೆಯ ಫಾಂಟಿನವು. ಅವನ್ನು ಓದಲು ಹಚ್ಚಿದರೆ ಮೊಬೈಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತಿತ್ತು. ಹಾಗಾಗಿ ಶೈಲಜಾಳೇ ಓದಬೇಕು. ಅವಳದು ಪಿಯುಸಿ ಓದು; ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಗುಂಡಿ ಹಚ್ಚುತ್ತಲೋ ಅಂಚು ಮಡಿಚುತ್ತಲೋ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುವಳು. ಸಂವಿಧಾನದ ವಿಧಿಗಳು, ಮೊಗಲರ ವಂಶ, ಕರ್ನಾಟಕದ ನದಿಗಳು. ಓದುತ್ತ ಓದುತ್ತ ದನಿ ನೆಲಕ್ಕೆ ಇಳಿಯುವುದು. ಒಂದು ವಾಕ್ಯ ಅರ್ಧಕ್ಕೆ ನಿಲ್ಲುವುದು. ನಿದ್ದೆ ಹತ್ತಿತು ಎಂದು ಅವನಿಗೆ ತಿಳಿಯುತ್ತಿತ್ತು. ಎಬ್ಬಿಸುತ್ತಿರಲಿಲ್ಲ. ಆ ವಾಕ್ಯದ ಉಳಿದರ್ಧ ಏನಿರಬಹುದು ಎಂದು ತಾನೇ ಯೋಚಿಸುತ್ತ ಕೂತಿರುತ್ತಿದ್ದ.

ಪ್ರಥಮ ದರ್ಜೆ ಸಹಾಯಕರ ಈ ಪರೀಕ್ಷೆಯಂತೂ ಇಬ್ಬರನ್ನೂ ಹಣ್ಣು ಮಾಡಿತ್ತು. ಒಮ್ಮೆ ಪ್ರಶ್ನೆಪತ್ರಿಕೆ ಸೋರಿತೆಂದು ರದ್ದಾಯಿತು. ಇನ್ನೊಮ್ಮೆ ಚುನಾವಣೆ ಎಂದು ಮುಂದಕ್ಕೆ ಹೋಯಿತು. ಪ್ರತಿ ಸಲವೂ ಓದಿದ್ದನ್ನೇ ಮತ್ತೆ ಓದಬೇಕು, ನೆನಪಿಟ್ಟದ್ದನ್ನೇ ಮತ್ತೆ ನೆನಪಿಡಬೇಕು. ಮೂರನೆಯ ದಿನಾಂಕ ಪ್ರಕಟವಾದಾಗ ಜಂಬುನಾಥ ಹೆಂಡತಿಗೆ, ಇದೇ ಕೊನೆ, ಇನ್ನು ಅರ್ಜಿ ಹಾಕುವುದಿಲ್ಲ ಎಂದಿದ್ದ. ಅವಳು ಮತ್ತೆ ಮೊದಲ ಪುಟದಿಂದ ಓದತೊಡಗಿದಳು.

ಅವನ ಪರವಾಗಿ ಉತ್ತರ ಗುರುತು ಮಾಡುವವಳೂ ಶೈಲಜಾಳೇ ಎಂದು ಮೊದಲಿನಿಂದ ಅಂದುಕೊಂಡಿದ್ದರು. ಅಭ್ಯರ್ಥಿಗಿಂತ ಕಡಿಮೆ ಓದಿದವರು ಬರೆಯಬಹುದು ಎಂಬ ನಿಯಮವಿತ್ತು. ಅದಕ್ಕಾಗಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಇಬ್ಬರೂ ಅಭ್ಯಾಸ ಮಾಡಿದ್ದರು. ಅವನು ‘ಹಾಕು’ ಅಂದರೆ ಗುರುತು ಮಾಡಬೇಕು, ‘ಬಿಡು’ ಅಂದರೆ ಮುಂದಿನದಕ್ಕೆ ಹೋಗಬೇಕು. ಉದ್ದನೆಯ ಪ್ರಶ್ನೆಯಾದರೆ ಕೊನೆಯ ಸಾಲು ಮೊದಲು ಓದಬೇಕು. ಪರೀಕ್ಷೆ ಹತ್ತಿರ ಬಂದಾಗ ಹೊಸ ಸೂಚನೆ ಹೊರಟಿತು: ಈ ಸಲ ಬರೆಯುವವರನ್ನು ಕೇಂದ್ರದವರೇ ಒದಗಿಸುತ್ತಾರೆ, ಮನೆಯವರಿಗೆ ಅವಕಾಶವಿಲ್ಲ. ಶೈಲಜಾ ಅದನ್ನು ಎರಡು ಸಲ ಓದಿದಳು.

“ಹೋಗ್ಲಿ ಬಿಡ್ರಿ, ಗೇಟಿನ ತನಕ ಆದ್ರೂ ಬರ್ತೀನಿ,” ಅಂದಳು.

ಪರೀಕ್ಷೆ ಹೊಸಪೇಟೆಯಲ್ಲಿ, ಭಾನುವಾರ. ಕಂಪ್ಲಿಯಿಂದ ಮೊದಲ ಬಸ್ಸಿಗೆ ಹೊರಟರು. ಬಸ್ಸಿನ ತುಂಬ ಪರೀಕ್ಷೆಯ ಮಂದಿಯೇ. ಹಾದಿಯುದ್ದಕ್ಕೂ ಯಾರೋ ಯಾರಿಗೋ ಪಂಚವಾರ್ಷಿಕ ಯೋಜನೆಗಳನ್ನು ಒಪ್ಪಿಸುತ್ತಿದ್ದರು. ಕಮಲಾಪುರ ದಾಟುವ ಹೊತ್ತಿಗೆ ಜಂಬುನಾಥನಿಗೆ ಆಗಲೇ ದಿನ ಮುಗಿದಷ್ಟು ದಣಿವಾಗಿತ್ತು.

ಕೇಂದ್ರದ ಗೇಟಿನಲ್ಲಿ ತಪಾಸಣೆ. ತುಂಬುತೋಳಿನ ಅಂಗಿ ಹಾಕಿಕೊಂಡು ಬಂದವರ ತೋಳುಗಳಿಗೆ ಅಲ್ಲೇ ಕತ್ತರಿ ಬೀಳುತ್ತಿತ್ತು. ಇವನದು ಅರ್ಧತೋಳು, ಕಾಲಲ್ಲಿ ಚಪ್ಪಲಿ. ಅದರಲ್ಲೇನೂ ತಪ್ಪು ಸಿಗಲಿಲ್ಲ. ಮುಟ್ಟಿ ನೋಡುವ ಕೈಗಡಿಯಾರ ಮಾತ್ರ ಬಿಚ್ಚಿಸಿದರು. ಕೈಯಲ್ಲಿದ್ದ ಮಡಚುವ ಕೋಲಿಗೆ ಯಂತ್ರ ಕುಯ್ಯೆಂದಿತು. ಒಳಗೆ ಲೋಹ ಇದೆ, ಬಿಡುವಂತಿಲ್ಲ ಎಂದ ಪೊಲೀಸು. ಶೈಲಜಾ ವಾದ ಮಾಡಿದಳು. ಹಿಂದಿನ ಸಾಲು ಗೊಣಗತೊಡಗಿತು. ಕೊನೆಗೆ ಜಂಬುನಾಥನೇ ಕೋಲು ಮಡಚಿ ಅವಳ ಕೈಗೆ ಕೊಟ್ಟ. ಯಾರೋ ರಟ್ಟೆ ಹಿಡಿದು ಒಳಗೆ ನಡೆಸಿದರು. ಮೆಟ್ಟಿಲು ಬಂತು ಎಂದು ಅವರು ಹೇಳಿದ್ದು, ಅವನ ಹೆಬ್ಬೆರಳು ಮೆಟ್ಟಿಲಿಗೆ ಎಡವಿದ ಮೇಲೆ.

ಮೊದಲ ಮಹಡಿಯ ಮೂಲೆಯ ಒಂದು ಕೋಣೆ ಅವನೊಬ್ಬನಿಗೇ. ಅಲ್ಲಿದ್ದವರು ಇಬ್ಬರು. ಒಬ್ಬಳು ಭವ್ಯ, ಪಿಯುಸಿ ಎರಡನೆಯ ವರ್ಷದ ಹುಡುಗಿ. ಅವನಿಗಾಗಿ ಓದಿ ಗುರುತು ಮಾಡುವವಳು. ಇನ್ನೊಬ್ಬರು ಕೊಠಡಿ ಮೇಲ್ವಿಚಾರಕ ನಾಗೇಂದ್ರಪ್ಪ, ಸಂಡೂರಿನ ಕಡೆಯ ಹೈಸ್ಕೂಲು ಮಾಸ್ತರರು, ನಿವೃತ್ತಿಗೆ ಹತ್ತಿರವಾದವರು. ಬಂದಾಕ್ಷಣ ಅವನ ಎರಡೂ ಕೈ ಹಿಡಿದು ಕುರ್ಚಿಗೆ ಕೂರಿಸಿ, ನೀರಿನ ಬಾಟಲಿ ಎಲ್ಲಿದೆ ಎಂದು ಮುಟ್ಟಿಸಿ ತೋರಿಸಿದರು. ಗೋಡೆಯ ಮೇಲೆ ಕ್ಯಾಮೆರಾ ಇದೆ, ಹೆದರಬೇಡ ಎಂದೂ ಹೇಳಿದರು. ಯಾರಾದರೂ ತೀರಾ ಮೃದುವಾಗಿ ಮಾತಾಡಿದರೆ ಜಂಬುನಾಥನಿಗೆ ಬೆನ್ನು ಬಿಗಿಯುತ್ತಿತ್ತು. ಅಂಥ ದನಿಯನ್ನು ಅವನು ಚಿಕ್ಕಂದಿನಿಂದ ಕೇಳಿ ಬಲ್ಲ.

ಬೆಳಗಿನ ಕನ್ನಡದ ಪತ್ರಿಕೆ ಹೇಗೋ ಕಳೆಯಿತು. ಭವ್ಯ ಓದುವಾಗ ಪದಗಳ ಬಾಲ ನುಂಗುತ್ತಿದ್ದಳು; ತಪ್ಪಾದರೆ ಗಾಬರಿಯಾಗಿ ಇನ್ನೂ ಜೋರಾಗಿ ಓಡುತ್ತಿದ್ದಳು. ಅವನು ‘ಬಿಡು’ ಅಂದಾಗ ಅವಳಿಗೆ ಅರ್ಥವಾಗದೆ ಪೆನ್ನು ಕೆಳಗಿಟ್ಟುಬಿಟ್ಟಳು. ಹೆಚ್ಚುವರಿ ಸಮಯದ ನಿಯಮ ಕೇಂದ್ರದವರಿಗೆ ಗೊತ್ತಿರಲಿಲ್ಲ. ಬಾಯಿಪಾಠ ಮಾಡಿದ್ದ ಆದೇಶವನ್ನು ಅವನೇ ಒಪ್ಪಿಸಿ ಅದನ್ನು ಪಡೆಯಬೇಕಾಯಿತು. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಶೈಲಜಾ ತಂದ ರೊಟ್ಟಿ ತಿಂದ. ಹೆಂಗಾಯ್ತು ಎಂದು ಅವಳು ಕೇಳಲಿಲ್ಲ. ಇನ್ನಷ್ಟು ಪಲ್ಯ ಬಡಿಸಿದಳು.

ಮಧ್ಯಾಹ್ನದ್ದು ಸಾಮಾನ್ಯ ಜ್ಞಾನ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪತ್ರಿಕೆ. ತಗಡಿನ ಮಾಡಿನ ಕೆಳಗೆ ಕೋಣೆ ಕಾದಿತ್ತು. ಫ್ಯಾನು ಸುತ್ತುವ ಸದ್ದಿತ್ತು, ಗಾಳಿ ಇರಲಿಲ್ಲ. ಇತಿಹಾಸದ ಪ್ರಶ್ನೆಗಳು ಸುಲಭವಾಗಿ ಸರಿದವು. ಆಮೇಲೆ ಭವ್ಯ ಓದಿದಳು: ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದ ಸಂವಿಧಾನ ತಿದ್ದುಪಡಿ ಯಾವುದು? ಮೊದಲನೆಯದು ನಲವತ್ತೆರಡು, ಎರಡನೆಯದು ನಲವತ್ತನಾಲ್ಕು. ಉಳಿದೆರಡನ್ನು ಅವನು ಕೇಳಿಸಿಕೊಳ್ಳಲೂ ಇಲ್ಲ.

“ಎರಡನೇದು,” ಎಂದ.

ಹಿಂದಿನಿಂದ ನಾಗೇಂದ್ರಪ್ಪ ಕೆಮ್ಮಿದರು. ಅವರ ಹೆಜ್ಜೆ ಮೇಜಿನ ಹತ್ತಿರ ಬಂತು. ತಂಬಾಕಿನ ವಾಸನೆ, ಅದರ ಜೊತೆಗೆ ವಿಭೂತಿಯ ವಾಸನೆ.

“ಅವಸರ ಬ್ಯಾಡ ತಮ್ಮಾ,” ಎಂದರು ಮೆಲ್ಲಗೆ. “ಮೊದಲ್ನೇದು ಇನ್ನೊಮ್ಮೆ ಓದಿಸ್ಕೋ. ಕ್ಯಾಮೆರಾಕ್ಕ ಕಿವಿ ಇಲ್ಲ.”

ಇದು ಏನೆಂದು ಜಂಬುನಾಥನಿಗೆ ಗೊತ್ತಾಯಿತು. ಭವ್ಯಳಿಗೂ ಗೊತ್ತಾಗಿರಬೇಕು, ಅವಳ ಉಸಿರು ನಿಂತಿತು. ನಲವತ್ತನಾಲ್ಕು ಎಂದು ಶೈಲಜಾ ಓದಿದ್ದು ಕಿವಿಯಲ್ಲಿತ್ತು. ಆದರೆ ದಣಿದ ತಲೆಯಲ್ಲಿ ಯಾವುದೂ ನೆಟ್ಟಗೆ ನಿಲ್ಲುವುದಿಲ್ಲ. ನಲವತ್ತೆರಡರಲ್ಲಿ ಬದಲಾದದ್ದು ಭಾಳ, ಇದೂ ಅದರಲ್ಲೇ ಇದ್ದೀತೇನೋ. ಮಾಸ್ತರರು ಇಷ್ಟು ವರ್ಷ ಪಾಠ ಮಾಡಿದವರು, ಸುಮ್ಮನೆ ಯಾಕೆ ಹೇಳುತ್ತಾರೆ? ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

“ಮೊದಲ್ನೇದು ಹಾಕು,” ಎಂದ.

ಪೆನ್ನು ವೃತ್ತ ತುಂಬುವ ಸದ್ದು ಕೇಳಿಸಿತು. ಅಷ್ಟೇ ಆದದ್ದು. ಮುಂದಿನ ಪ್ರಶ್ನೆ ಬಂತು, ಅದರ ಮುಂದಿನದೂ ಬಂತು. ಅವನು ಉತ್ತರ ಹೇಳುತ್ತಲೇ ಇದ್ದ. ಆದರೆ ಮುಖ ಕಾದು ಕಿವಿಯ ತನಕ ಬಿಸಿಯಾಗಿತ್ತು. ಶಾಲೆಯಲ್ಲಿ ಪಾಪ ಕುರುಡ ಎಂದು ಮಾರ್ಕು ಕೊಟ್ಟವರಿದ್ದರು, ಕಾಲೇಜಿನಲ್ಲಿ ನೋಡಿಯೂ ನೋಡದಂತೆ ಪಾಸು ಮಾಡುತ್ತೇವೆ ಎಂದವರಿದ್ದರು. ಎಲ್ಲರಿಗೂ ಬೇಡ ಎಂದಿದ್ದ. ಇವತ್ತು, ಹೆಂಡತಿ ಬಿಸಿಲಲ್ಲಿ ಕಾಯುತ್ತಿರುವಾಗ, ಒಂದು ಕೆಮ್ಮಿಗೆ ಬಾಗಿಬಿಟ್ಟಿದ್ದ.

ಕೊನೆಯ ಪುಟಗಳಲ್ಲಿ ತರ್ಕದ ಪ್ರಶ್ನೆಗಳಿದ್ದವು. ಒಂದರ ಹತ್ತಿರ ಭವ್ಯ ನಿಂತಳು.

“ಸರ, ಇದು ಚಿತ್ರ ಐತ್ರಿ. ಎಷ್ಟು ತ್ರಿಕೋನ ಅದಾವ ಅಂತ ಕೇಳ್ಯಾರ.”

ಚಿತ್ರ ಹೇಗಿದೆ ಹೇಳು ಎಂದ. ಒಂದು ಚೌಕ, ಒಳಗೆ ಗೆರೆಗಳು ಎಂದಳು. ಎಲ್ಲಿಂದ ಎಲ್ಲಿಗೆ ಎಂದ. ಅವಳು ಹೇಳಲು ಹೋಗಿ ತೊಡರಿ, ಅಳುವ ದನಿಯಾದಳು. ಕಣ್ಣಿಲ್ಲದವರಿಗೆ ಇಂಥ ಪ್ರಶ್ನೆ ಇರಬಾರದು ಎಂಬ ನಿಯಮ ಎಲ್ಲೋ ಇತ್ತು. ಈ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳುವುದು? ನಾಗೇಂದ್ರಪ್ಪ ಮತ್ತೆ ಹತ್ತಿರ ಬಂದರು. ಪ್ರಶ್ನೆಪತ್ರಿಕೆಯ ಮೇಲೆ ಬಾಗಿ, ತುಟಿಯಲ್ಲೇ ಎಣಿಸುತ್ತಿರುವುದು ಕೇಳಿಸಿತು.

“ಇದು ಅನ್ಯಾಯದ ಪ್ರಶ್ನೆ ಬಿಡು,” ಎಂದರು. “ಇದನ್ನ ನಾ ಹೇಳಿದ್ರ ಪಾಪ ಏನಿಲ್ಲ.”

ಹೌದು, ಪಾಪವೇನಿಲ್ಲ ಎಂದು ಅವನಿಗೂ ಅನಿಸಿತು. ಹಾಗೆ ಅನಿಸಿದ್ದಕ್ಕೇ ಹೆದರಿಕೆಯಾಯಿತು.

“ಬ್ಯಾಡ್ರಿ ಸರ. ದಯಮಾಡಿ ಹೇಳಬ್ಯಾಡ್ರಿ.”

ಆಮೇಲೆ ಭವ್ಯಳ ಕಡೆ ತಿರುಗಿದ. ಕಿಸೆಯಿಂದ ಕರ್ಚೀಪು ತೆಗೆದು ಮಡಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಕಚ್ಚಾ ಹಾಳೆ ಇಡು ಎಂದ. ಚಿತ್ರ ಹೇಗಿದೆಯೋ ಹಾಗೇ ದೊಡ್ಡದಾಗಿ, ಪೆನ್ನನ್ನು ಬಲವಾಗಿ ಒತ್ತಿ ಬರೆ. ಹೀಗೆ ಬರೆದರೆ ಹಾಳೆಯ ಹಿಂದೆ ಗೆರೆಗಳು ಉಬ್ಬಿ ಬೆರಳಿಗೆ ಸಿಗುತ್ತವೆ. ಮನೆಯಲ್ಲಿ ನಕಾಶೆಗಳನ್ನು ಅವನು ಕಲಿತದ್ದೇ ಹಾಗೆ. ಹುಡುಗಿ ಒತ್ತಿದಳು. ಕರ್ಚೀಪು ತೆಳುವಾಯಿತು, ಗೆರೆ ಏಳಲಿಲ್ಲ.

ಆಮೇಲೆ ನಾಗೇಂದ್ರಪ್ಪ ತಮ್ಮ ಹೆಗಲ ಮೇಲಿನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಳೆಯ ಕೆಳಗೆ ತಂದಿಟ್ಟರು. ತಮ್ಮ ಕುರ್ಚಿಗೆ ಹೋಗಿ ಕೂತರು.

ಈ ಸಲ ಗೆರೆಗಳು ಎದ್ದವು. ಜಂಬುನಾಥ ಹಾಳೆ ತಿರುವಿ ಎರಡೂ ತೋರುಬೆರಳುಗಳನ್ನು ಆಡಿಸಿದ. ಚೌಕ. ಮೂಲೆಯಿಂದ ಮೂಲೆಗೆ ಎರಡು ಗೆರೆ. ನಡುವಿನಲ್ಲಿ ಅಡ್ಡ ಒಂದು, ಉದ್ದ ಒಂದು. ಸಣ್ಣವನ್ನು ಮೊದಲು ಎಣಿಸಿದ. ಎರಡೆರಡು ಕೂಡಿ ಆಗುವುದನ್ನು ಎಣಿಸಲು ಹೊರಟಿದ್ದ. ಆಗ ಬಾಗಿಲು ದಡಾರನೆ ತೆರೆಯಿತು.

ಕೇಂದ್ರದ ಮುಖ್ಯ ಅಧೀಕ್ಷಕರು, ಅವರ ಹಿಂದೆ ಇನ್ಯಾರೋ. ಕೆಳಗಿನ ಕೋಣೆಯಲ್ಲಿ ಕ್ಯಾಮೆರಾ ನೋಡುತ್ತ ಕೂತವರಿಗೆ, ಅಭ್ಯರ್ಥಿ ಒಂದು ಹಾಳೆಯನ್ನು ಬೆರಳಲ್ಲಿ ಓದುತ್ತಿರುವುದು ಕಂಡಿತ್ತು. ಬ್ರೈಲ್ ಚೀಟಿ ತಂದಿದ್ದಾನೆ ಎಂಬುದು ಅವರ ಗುಮಾನಿ. ಹಾಳೆಯನ್ನು ಅವನ ಬೆರಳ ಕೆಳಗಿನಿಂದಲೇ ಎಳೆದುಕೊಂಡರು. ಎದ್ದು ನಿಲ್ಲಿಸಿ ಕಿಸೆ ತಡಕಿದರು. ಭವ್ಯ ಬಿಕ್ಕತೊಡಗಿದಳು. ಜಂಬುನಾಥ ವಿವರಿಸಲು ಬಾಯಿ ತೆರೆದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಹೊರಗೆ ಕಳಿಸುವ ಮಾತು ಬಂತು.

ಆಗ ನಾಗೇಂದ್ರಪ್ಪ ಎದ್ದರು.

“ಹಾಳೆ ನಾನ ಕೊಟ್ಟೀನ್ರಿ. ಟವೆಲ್ಲೂ ನಂದ. ಹುಡುಗಿ ಇಲ್ಲೇ, ನನ್ನ ಎದುರಿಗೆ ಗೆರಿ ಹಾಕ್ಯಾಳ. ಪ್ರಶ್ನೆಪತ್ರಿಕಿ ಚಿತ್ರಕ್ಕ ಹಚ್ಚಿ ನೋಡ್ರಿ. ತಪ್ಪಿದ್ರ ನನ್ನ ಮ್ಯಾಲ ಬರೀರಿ, ಸಹಿ ಮಾಡ್ತೀನಿ.”

ಅವರ ದನಿಯಲ್ಲಿ ಬೆಳಗಿನ ಮೆದುತನ ಇರಲಿಲ್ಲ. ಅಧೀಕ್ಷಕರು ಚಿತ್ರ ಹಚ್ಚಿ ನೋಡಿದರು, ಯಾರಿಗೋ ಫೋನು ಮಾಡಿದರು, ಒಂದು ಹೇಳಿಕೆ ಬರೆಸಿಕೊಂಡರು. ಕೊನೆಗೆ ಮುಂದುವರಿಸಿ ಎಂದು ಹೇಳಿ, ಹಾಳೆಯನ್ನು ಮಾತ್ರ ಹಿಡಿದುಕೊಂಡು ಹೋದರು. ಕಳೆದ ಸಮಯವನ್ನು ಯಾರೂ ತಿರುಗಿ ಕೊಡಲಿಲ್ಲ.

ಜಂಬುನಾಥ ಖಾಲಿ ಮೇಜಿನ ಮೇಲೆ ಬೆರಳಿಟ್ಟು ಕೂತ. ಚೌಕ ಇನ್ನೂ ಬೆರಳ ತುದಿಯಲ್ಲಿತ್ತು. ಸಣ್ಣವು ಎಂಟು, ಎರಡೆರಡು ಕೂಡಿದ್ದು ನಾಲ್ಕು, ಅರ್ಧ ಚೌಕದವು ನಾಲ್ಕು.

“ಹದಿನಾರು ಐತೇನು ನೋಡವಾ.”

“ಐತ್ರಿ ಸರ. ಮೂರನೇದು.”

“ಹಾಕು.”

ಉಳಿದ ಪ್ರಶ್ನೆಗಳನ್ನು ಇಬ್ಬರೂ ಓಡಿಯೇ ಓಡಿದರು. ಗಂಟೆ ಹೊಡೆದಾಗ ಕೊನೆಯವು ಕೆಲವು ಹಾಗೇ ಉಳಿದವು.

ಮೆಟ್ಟಿಲಿಳಿಯುವಾಗ ನಾಗೇಂದ್ರಪ್ಪ ಕೈ ಹಿಡಿಯಲಿಲ್ಲ. ತಮ್ಮ ಮೊಣಕೈಯನ್ನು ಅವನಿಗೆ ಹಿಡಿಯಲು ಕೊಟ್ಟರು. ಅವನು ಅವರಿಗೆ ಉಪಕಾರವಾಯಿತು ಎಂದ. ಅವರು ಒಂದಿಷ್ಟು ಮೆಟ್ಟಿಲು ಇಳಿದರು. ಆಮೇಲೆ ಕೇಳಿದರು:

“ಎರಡನೇ ಸಲ ಬ್ಯಾಡ ಅಂದಿ. ಮೊದಲ್ನೇ ಸಲ ಯಾಕ ಅನ್ನಲಿಲ್ಲ?”

ಕುಟುಕುವ ಮಾತಲ್ಲ ಅದು; ತಿಳಿಯಬೇಕೆಂದೇ ಕೇಳಿದ್ದು. ಭಾಳ ದಣಿದಿದ್ದೆ ಸರ ಎಂದಷ್ಟೇ ಅಂದ ಜಂಬುನಾಥ. ಗೇಟಿನಲ್ಲಿ ಶೈಲಜಾ ಕೋಲು ಬಿಚ್ಚಿ ಅವನ ಕೈಗಿಟ್ಟಳು. ನಾಗೇಂದ್ರಪ್ಪ ಅವಳಿಗೆ, ನಿಮ್ಮ ಮನೆಯವರು ಚಲೋ ಬರೆದಿದ್ದಾರೆ ಎಂದು ಹೇಳಿ ಹೋದರು.

ಅವನು ಹೆಂಡತಿಗೆ ತ್ರಿಕೋನದ ಕತೆ ಹೇಳಿದ, ಅಧೀಕ್ಷಕರು ಬಂದದ್ದನ್ನು ಹೇಳಿದ. ನಲವತ್ತೆರಡರ ವಿಷಯ ಹೇಳಲಿಲ್ಲ. ಕಂಪ್ಲಿಗೆ ಬಂದು ಪುಸ್ತಕ ತೆಗೆಸಿ ಸರಿ ಉತ್ತರ ನೋಡಿಸಬಹುದಿತ್ತು. ಅದಕ್ಕೂ ಧೈರ್ಯವಾಗಲಿಲ್ಲ. ಸರಿ ಇದ್ದರೆ ಆ ಅಂಕ ತನ್ನದಲ್ಲ. ನಾಳೆ ಕೆಲಸ ಸಿಕ್ಕರೂ, ಸಿಕ್ಕದ್ದು ಆ ಒಂದು ಅಂಕದಿಂದಲೋ ಏನೋ ಎಂದು ಜೀವಮಾನ ಪೂರ್ತಿ ಅನ್ನಿಸುತ್ತದೆ. ತಪ್ಪಿದ್ದರೆ? ಹಾಗೊಂದು ಇರಬಹುದೆಂದು ಅವನು ಯೋಚಿಸಲೇ ಇಲ್ಲ. ತರಗತಿಯಲ್ಲಿ ಪಾಠ ಮಾಡುವಾಗ, ತಾನು ಹೇಳುವುದನ್ನೇ ನಂಬಲಾಗದೆ ನಡುವೆ ನಿಲ್ಲುತ್ತಿದ್ದ. ಊಟ ಕಡಿಮೆಯಾಯಿತು. ಫಲಿತಾಂಶದ ಚಿಂತೆ ಎಂದು ಶೈಲಜಾ ಅಂದುಕೊಂಡಳು.

ಸರಿ ಉತ್ತರಗಳು ಪ್ರಕಟವಾದ ದಿನ ಅವಳು ಮೊಬೈಲು ಹಿಡಿದು ಕೂತಳು. ಒಂದೊಂದೇ ಪ್ರಶ್ನೆ ಓದುವಳು. ಅವನು ತಾನು ಹಾಕಿದ್ದನ್ನು ಹೇಳುವನು. ಸರಿ, ತಪ್ಪು ಎಂದು ಅವಳು ಹೇಳುವಳು. ಆಸ್ತಿಯ ಹಕ್ಕಿನ ಪ್ರಶ್ನೆ ಬಂತು.

“ನಲವತ್ತೆರಡು,” ಎಂದ.

“ತಪ್ಪಾತಲ್ರೀ. ನಲವತ್ತನಾಲ್ಕು. ನಾ ಎಷ್ಟು ಸಲ ಓದೀನಿ ಇದನ್ನ.”

ಜಂಬುನಾಥ ನಗತೊಡಗಿದ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂತು. ತಪ್ಪಿಗೆ ಯಾರಾದರೂ ನಗುತ್ತಾರೇನು ಎಂದು ಅವಳು ಗಾಬರಿಯಾದಳು. ಆಗ ಎಲ್ಲ ಹೇಳಿದ. ಕೆಮ್ಮು, ತಂಬಾಕಿನ ವಾಸನೆ, ತಾನು ಸರಿ ಹೇಳಿ ಬದಲಿಸಿದ್ದು, ಇಷ್ಟು ದಿನ ಒಳಗೇ ಸುಟ್ಟಿದ್ದು. ಅವಳು ಪೂರ್ತಿ ಕೇಳಿಸಿಕೊಂಡು ಮೊಬೈಲು ಕೆಳಗಿಟ್ಟಳು.

“ಒಂದು ಮಾರ್ಕು ಹೋತು, ಮ್ಯಾಲ ಕಾಲು ಮಾರ್ಕು ಕಳೀತಾರ,” ಎಂದಳು ಕೊನೆಗೆ. “ನಿಮಗ ಖುಷಿ ಆಗೈತಿ.”

“ಹೌದು,” ಎಂದ. “ಯಾರ ಮಾರ್ಕೂ ನನ್ನ ಹತ್ರ ಉಳೀಲಿಲ್ಲ ನೋಡು.”

ಅವಳಿಗೆ ಸಿಟ್ಟೇ ಬಂದಿತ್ತು. ಅವನು ತನ್ನ ಓದನ್ನು ನಂಬದೆ ಯಾರದೋ ಕೆಮ್ಮನ್ನು ನಂಬಿದನಲ್ಲ ಎಂದು. ಅದನ್ನು ಮರುದಿನ ಬೆಳಿಗ್ಗೆ ಹೇಳಿದಳು, ಚಹಾ ಕೊಡುತ್ತ, ನಾಲ್ಕೇ ಮಾತಿನಲ್ಲಿ. ಅವನು ತಲೆಯಾಡಿಸಿದ.

ಆಯ್ಕೆ ಪಟ್ಟಿ ಬರಲು ಇನ್ನೂ ತಿಂಗಳುಗಳೇ ಹಿಡಿದವು. ನಡುವೆ ಒಂದು ತಕರಾರು, ಒಂದು ತಡೆಯಾಜ್ಞೆ. ಬಂದಾಗ ಅಂಗವಿಕಲರ ಪಟ್ಟಿಯ ತಳದಲ್ಲಿ ಜಂಬುನಾಥನ ಹೆಸರಿತ್ತು. ಶೈಲಜಾ ಅದನ್ನು ಓದಿ, ಮತ್ತೆ ಓದಿ, ಪಕ್ಕದ ಮನೆಯ ಬಸಕ್ಕನನ್ನು ಕರೆದು ಅವಳಿಂದಲೂ ಓದಿಸಿದಳು. ಬಸಕ್ಕ ಸಕ್ಕರೆ ತಂದು ಇಬ್ಬರ ಬಾಯಿಗೂ ಹಾಕಿದಳು. ಜಂಬುನಾಥನಿಗೆ ಕುಣಿಯಬೇಕು ಅನಿಸಲಿಲ್ಲ. ಅಂಗಿ ಕಳಚಿ ಚಾಪೆಯ ಮೇಲೆ ಮಲಗಿದವನು ಸಂಜೆ ದೀಪ ಹಚ್ಚುವ ಹೊತ್ತಿಗೇ ಎದ್ದದ್ದು.

ಕೆಲಸ ಸಂಡೂರಿನ ಒಂದು ಕಚೇರಿಯಲ್ಲಿ ಸಿಕ್ಕಿತು. ಮೊದಲ ವಾರಗಳಲ್ಲಿ ಅವನಿಗೆ ಏನು ಕೆಲಸ ಕೊಡಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ. ಓದಿ ಹೇಳುವ ಕಂಪ್ಯೂಟರು ಕೇಳಿ ಅರ್ಜಿ ಕೊಟ್ಟ. ಮೇಲಕ್ಕೆ ಬರೆದಿದ್ದೇವೆ ಎಂದರು. ಅದು ಬರುವ ತನಕ ಶಾಖೆಯ ಸಂಗಮ್ಮ ಎಂಬವರು ಟಪಾಲುಗಳ ವಿಷಯ ಓದಿ ಹೇಳುವರು, ಯಾವುದು ಯಾರ ಮೇಜಿಗೆ ಎಂದು ಇವನು ಹೇಳುವನು. ಒಂದು ತಿಂಗಳಲ್ಲಿ ಎಲ್ಲರ ಮೇಜೂ ಅವನಿಗೆ ಬಾಯಿಗೆ ಬಂತು. ಶನಿವಾರ ಸಂಜೆ ಕಂಪ್ಲಿಗೆ, ಶೈಲಜಾಳ ಹತ್ತಿರ ಹೊರಡುತ್ತಿದ್ದ. ಬಸ್ಸಿನಲ್ಲಿ ಅದಿರಿನ ಧೂಳಿನ ವಾಸನೆ, ಪಾಳಿ ಮುಗಿಸಿದ ಗಣಿ ಕೆಲಸಗಾರರ ಗೊರಕೆ. ಅವರ ನಡುವೆ ಕಿಟಕಿಗೆ ತಲೆಯಾನಿಸಿ ಅವನೂ ನಿದ್ದೆ ಹೋಗುತ್ತಿದ್ದ. ಹೊಸಪೇಟೆ ಬಂದಾಗ ಕಂಡಕ್ಟರ್ ಹೊನ್ನೂರಸ್ವಾಮಿ ಭುಜ ತಟ್ಟಿ, ಇಳೀರಿ ಸರ, ಕಂಪ್ಲಿ ಬಸ್ಸು ನಿಂತೈತಿ ಎಂದು ಎಬ್ಬಿಸುತ್ತಿದ್ದ.